ಬಾಡದ ತುಂಬೆ

"ಹ್ವಾಯ್, ಬೇಕಾರೆ ಹೂ ಕೊಯ್ಯಿ. ಏಲಂ ಬದಿಗೆ ಮಾತ್ರ ಹೋಪುದ್ ಬ್ಯಾಡ," ಎಂದು ಹೇಳಿ ಗಿರಿಜಾ ಮಗಳ ಭುಜ ಹಿಡಿದುಕೊಂಡು ಹೈವೇ ದಾಟಿದಳು. ರಾಜೇಂದ್ರ ಜಗಲಿಯ ಕಂಬಕ್ಕೆ ಒರಗಿ ನಿಂತು ಹೆಂಡತಿ ಬಸ್ಸು ಹತ್ತುವುದನ್ನು ನೋಡಿದ. ಒಳ್ಳೆಯ ಕಾಲನ್ನು ಮೊದಲು ಮೆಟ್ಟಿಲಿಗಿಟ್ಟು, ನೋವಿನ ಕಾಲನ್ನು ಕೈಯಲ್ಲಿ ಹಿಡಿದೆತ್ತಿ ಅದರ ಪಕ್ಕಕ್ಕೆ ತಂದುಕೊಳ್ಳುವಷ್ಟರಲ್ಲಿ ಕಂಡಕ್ಟರ್ ಸಿಳ್ಳೆ ಹೊಡೆದ, ಒಳಗೆ ಕೂತವರೆಲ್ಲ ಕತ್ತು ಚಾಚಿ ನೋಡಿದರು. ಮಂಡಿಗೆ ಇಂಜೆಕ್ಷನ್ ಹಾಕಿಸಲು ಕುಂದಾಪುರದ ಆಸ್ಪತ್ರೆಗೆ ಹೊರಟದ್ದು, ಸಂಜೆಯೊಳಗೆ ಬರುತ್ತಾಳೆ. ಬಸ್ಸು ಸರಿದ ಮೇಲೆ ಅದರ ಹಿಂದಿದ್ದ ಹೊಳೆ ಕಾಣಿಸಿತು. ಬೆನ್ನ ಹಿಂದೆ, ಮನೆಯ ಹಿತ್ತಿಲಿನಾಚೆ ಸುರಿದ ಬಂಡೆಗಳಿಗೆ ಸಮುದ್ರ ಸುಮ್ಮನೆ ತಾಗಿ ಹಿಂದಕ್ಕೆ ಹೋಗುತ್ತಿತ್ತು. ರಾಜೇಂದ್ರ ಒಳಗೆ ಬಂದು ಫ್ಯಾನ್ ಹಾಕಿದ.

ಆ ‘ಮಾತ್ರ’ ಎಂಬುದು ಅವನ ಕಿವಿಯಲ್ಲಿ ಉಳಿದುಬಿಟ್ಟಿತು. ಬಾವಿಕಟ್ಟೆಯ ಬದಿಗೆ ಮಾತ್ರ ಹೋಗಬೇಡ ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದಳಲ್ಲ. ಬೇಕೆಂದೇ ಹೇಳಿದ್ದಲ್ಲ, ಅದು ಅವನಿಗೂ ಗೊತ್ತು. ಗಿರಿಜಾ ಚುಚ್ಚಿ ಮಾತಾಡುವ ಹೆಂಗಸಲ್ಲ. ಆದರೆ ಚುಚ್ಚದವರ ಮಾತೇ ಹೆಚ್ಚು ಹೊತ್ತು ಒಳಗಿರುತ್ತದೆ. ಅವನ ಒಂದು ಕೂಗಿಗೆ ಬೋಟಿನ ಅಷ್ಟೂ ಜನ ಬಲೆ ಬಿಡುತ್ತಿದ್ದ ಕಾಲವೊಂದಿತ್ತು. ನೀರಿನ ಬಣ್ಣ ನೋಡಿ, ಹಕ್ಕಿಗಳು ಎಲ್ಲಿ ಎರಗುತ್ತವೆ ನೋಡಿ, ಇಲ್ಲಿ ಎಂದರೆ ಇಲ್ಲಿ. ಬಿಟ್ಟಲ್ಲೆಲ್ಲ ಮೀನು ಸಿಕ್ಕಿತೆಂದಲ್ಲ. ಸಿಗದಿದ್ದ ದಿನವೂ ಯಾರೂ ಅವನ ಮುಖ ನೋಡಿ ಹೀಗೆ ಮಾಡಬೇಡ ಎಂದು ಹೇಳಿದವರಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಗಾಳಿಯೂ ಇಲ್ಲದ ಚಂದದ ಬೆಳಿಗ್ಗೆ, ಚುಕ್ಕಾಣಿ ಹಿಡಿದು ನಿಂತವನಿಗೆ ಸಮುದ್ರವೆಲ್ಲ ಒಂದು ಬದಿಗೆ ವಾಲಿದಂತಾಗಿ ಬಿದ್ದುಬಿಟ್ಟ. ಕಿವಿಯೊಳಗೆ ಎಂಥದೋ ನೀರು ಇರುತ್ತದಂತೆ, ಅದು ಹೆಚ್ಚುಕಮ್ಮಿಯಾದರೆ ತಲೆ ತಿರುಗುತ್ತದಂತೆ. ಇಷ್ಟು ವರ್ಷ ಹೊರಗಿನ ನೀರಿನ ಮೇಲೆ ನಿಂತವನನ್ನು ಕಿವಿಯೊಳಗಿನ ಒಂದು ಹನಿ ಬೀಳಿಸಿತು. ಬೋಟಿನ ಮಾಲೀಕ ಭೋಜರಾಜ ಮನೆಗೇ ಬಂದು, ಚಾ ಕುಡಿದು, ಅವನ ಬೆನ್ನಿನ ಮೇಲೆ ಕೈಯಿಟ್ಟು, "ಇನ್ ನೀನ್ ದಡದಂಗೇ ಇರ್ ಮಾರಾಯ. ಬಲೆ ಹೊಲಿಯುಕ್ ಜನ ಬೇಕಲ್ಲ," ಎಂದಿದ್ದ. ಆ ಕೈಯ ಭಾರ ಈಗಲೂ ಬೆನ್ನಿನ ಮೇಲೆ ಇದೆ ಎಂದು ಕೆಲವು ಸಲ ಅನ್ನಿಸುತ್ತದೆ. ಭೋಜರಾಜ ಒಳ್ಳೆಯವನೇ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಆಗುವುದಿಲ್ಲ, ಅದೊಂದು ಕಷ್ಟ.

ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು, ಅದರ ಮೇಲೆ ಗಿರಿಜಾ ಹೊದಿಸಿದ ಟವೆಲು. ಉಪ್ಪುಗಾಳಿ ತಾಗಬಾರದೆಂದು ಅವಳು ಅದನ್ನು ಮಗುವಿನಂತೆ ಹೊದಿಸಿ ಮಲಗಿಸುತ್ತಾಳೆ. ಮಗಳು ನವ್ಯಶ್ರೀ ಕಾಲೇಜಿಗೆ ಸೇರಿದಾಗ ತೆಗೆದುಕೊಟ್ಟದ್ದು. ಅವಳು ಗೆಳತಿಯರ ಜೊತೆ ಒಂದು ಆಟ ಆಡುತ್ತಿದ್ದಳು. ಎಲ್ಲೆಲ್ಲಿಯೋ ದೇಶದವರು ಸೇರಿ ಆಡುವ ಆಟ. ಕತ್ತಿ ಹಿಡಿದವರು, ಮಂತ್ರ ಹಾಕುವವರು, ಗುಡ್ಡ, ಕಾಡು, ರಾಕ್ಷಸರು. ಅವಳಿಗೆ ಬೇಜಾರು ಬಂದು ಬಿಟ್ಟ ಹೊತ್ತಿಗೆ ಸರಿಯಾಗಿ ಗಿರಿಜಾಳ ಮಂಡಿ ಕೈಕೊಟ್ಟಿತು. ಅವಳು ಹೊತ್ತು ಮಾರುತ್ತಿದ್ದ ಮೀನಿನ ಬುಟ್ಟಿ ಹಿತ್ತಿಲ ಮಾಡಿಗೆ ನೇತುಬಿತ್ತು. ಸುಮ್ಮನೆ ಕೂರಲಾರದ ಅಮ್ಮನಿಗೆ ಮಗಳು ತಮಾಷೆಗೆ ತೋರಿಸಿದಳು: ಕಾಣ್, ಇಲ್ಲಿ ಗುಡ್ಡೆ ಮೇಲೆ ಹೂ ಆತ್ತ್, ಒತ್ತಿರೆ ಕೊಯ್ದಾಂಗೆ. ಹೊಡೆದಾಡುವವರಿಗೆ ಆ ಹೂವಿನಿಂದ ಮದ್ದು ಮಾಡಲು ಬೇಕಂತೆ. ಅವರಿಗೆ ಗುಡ್ಡ ಹತ್ತಿ ಕೊಯ್ಯಲು ಪುರುಸೊತ್ತಿಲ್ಲ, ಊರಿನ ನಡುವಿನ ಏಲಂ ಕಟ್ಟೆಗೆ ಬಂದು ಚಿನ್ನದ ನಾಣ್ಯ ಕೊಟ್ಟು ತಕ್ಕೊಂಡು ಹೋಗುತ್ತಾರೆ. ಆ ನಾಣ್ಯವನ್ನು ನಿಜವಾದ ದುಡ್ಡು ಮಾಡಿಕೊಡುವವನೊಬ್ಬ ಎಲ್ಲೋ ಇದ್ದಾನೆ, ನವ್ಯಶ್ರೀ ಅವನ ಮುಖ ನೋಡಿಲ್ಲ. ಆಟ ನಡೆಸುವ ಕಂಪನಿಯವರಿಗೆ ಅದು ಆಗಿಬರುವುದಿಲ್ಲವಂತೆ, ಹಾಗಾಗಿ ಸದ್ದಿಲ್ಲದೆ ನಡೆಯುವ ವ್ಯವಹಾರ. ಹೂವಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ. ಗಿರಿಜಾ ಅದನ್ನು ನೀಲಿ ತುಂಬೆ ಎಂದಳು, ಆಮೇಲೆ ಬರೀ ತುಂಬೆ. ಮೊದಲು ರಾಜೇಂದ್ರ ಬಿದ್ದು ಬಿದ್ದು ನಕ್ಕಿದ್ದ. ಇಲ್ಲದ ಗುಡ್ಡೆಯಲ್ಲಿ ಇಲ್ಲದ ಹೂ ಕೊಯ್ಯುವ ಹೆಂಗಸನ್ನು ಇವತ್ತೇ ಕಂಡೆ ಎಂದಿದ್ದ. ಆ ತಿಂಗಳ ಗ್ಯಾಸು ಆ ಹೂವಿನಿಂದಲೇ ಬಂದ ಮೇಲೆ ನಗುವುದು ನಿಂತಿತು.

ಈಚೆಗೆ ಗಿರಿಜಾ ಮಾರುತ್ತಿರಲಿಲ್ಲ. ಕೊಯ್ಯುತ್ತಾಳೆ, ಆಟದೊಳಗಿನ ಉಗ್ರಾಣದಲ್ಲಿ ತುಂಬಿಸುತ್ತಾಳೆ. ಆಟದವರು ಬರುವ ಬುಧವಾರ ಹೊಸ ಸೀಮೆಯೊಂದನ್ನು ತೆರೆಯುತ್ತಾರಂತೆ. ಅಲ್ಲಿಗೆ ನುಗ್ಗುವವರಿಗೆಲ್ಲ ಮದ್ದು ಬೇಕು, ಆಗ ತುಂಬೆಗೆ ಕೇಳಿದ ಕ್ರಯ. ಮಳೆಗಾಲ ಕಳೆದಾಗಿನಿಂದ ಅವಳು ಇದೊಂದೇ ಧ್ಯಾನದಲ್ಲಿದ್ದಳು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಉಗ್ರಾಣ ತೆರೆದು, ಸಾಲು ಸಾಲಾಗಿ ಕೂತ ನೀಲಿ ಹೂಗಳನ್ನು ನೋಡುತ್ತ ಕೂರುವುದು. ಏನೂ ಮಾಡುತ್ತಿರಲಿಲ್ಲ, ಬರೀ ನೋಡುವುದು. "ಇದ್ ಕೊಳಿತಿಲ್ಲೆ ಕಾಣಿ," ಎಂದು ಅವಳು ಒಂದು ದಿನ ಅವನಿಗೆ ತೋರಿಸಿದ್ದಳು. "ಮೊದಲ್ ಕೊಯ್ದದ್ದೂ ಹಾಂಗೇ ಇತ್ತ್, ನಿನ್ನೆ ಕೊಯ್ದದ್ದೂ ಹಾಂಗೇ ಇತ್ತ್. ಐಸ್ ಬ್ಯಾಡ, ಉಪ್ಪ್ ಬ್ಯಾಡ. ನಾವ್ ಕಾದ್ರೆ ಅದೂ ಕಾಯತ್ತ್." ಹೌದೌದು ಎಂದಿದ್ದ ರಾಜೇಂದ್ರ. ನಡುವೆ ಯಾರೋ ಒಬ್ಬ, ಪರದೇಶದವನೋ ದಿಲ್ಲಿಯವನೋ, ಉದ್ದ ಹೆಸರಿನವನು, ಅಷ್ಟನ್ನೂ ಒಟ್ಟಿಗೆ ಕೊಡುತ್ತೀರಾ ಎಂದು ಬರೆದು ಕೇಳಿದ. ಮಗಳು ಓದಿ ಹೇಳಿದಳು. ಗಿರಿಜಾ ತೋರುಬೆರಳಿನಿಂದ ಹುಡುಕಿ ಹುಡುಕಿ ‘ನೋ’ ಎಂದು ತಾನೇ ಒತ್ತಿ ಕಳಿಸಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಆತ ಮತ್ತೆ ಕೇಳಿದ, ಇವಳು ಮತ್ತೆ ನೋ. ಇದರಲ್ಲಿ ಇಷ್ಟು ನಗುವಂಥದ್ದು ಎಂತ ಇದೆ ಎಂದು ರಾಜೇಂದ್ರನಿಗೆ ಅರ್ಥವಾಗಲಿಲ್ಲ. ಕೊಳ್ಳುವವನಿದ್ದಾಗ ಕೊಡದೆ ಕೂತಿದ್ದಾಳಲ್ಲ ಎಂದು ಸಣ್ಣ ಕಸಿವಿಸಿ ಮಾತ್ರ ಆಗಿತ್ತು.

ಟವೆಲು ತೆಗೆದು ಮಡಚಿಟ್ಟ. ಕೊಯ್ಯಬಹುದು ಎಂದಿದ್ದಾಳೆ, ಕೊಯ್ಯುವ. ಆಟದೊಳಗೆ ಗಿರಿಜಾ ಒಬ್ಬಳು ಎತ್ತರದ ಹುಡುಗಿ, ಬಿಳಿ ಕೂದಲು, ಹಸಿರು ಮೇಲಂಗಿ, ಮಂಡಿನೋವು ಇಲ್ಲ. ಕರೆದರೆ ರೆಕ್ಕೆಯ ಕುದುರೆಯೊಂದು ಬಂದು ನಿಲ್ಲುತ್ತದೆ. ಹುಡುಗಿಯನ್ನು ಅದರ ಮೇಲೆ ಹತ್ತಿಸಿ ರಾಜೇಂದ್ರ ಗುಡ್ಡೆಯ ಮೇಲೆ ಹಾರಿಸಿದ. ಕೆಳಗೆ ನೆಲ ಸರಿಯಿತು, ಹೊಳೆ ಸರಿಯಿತು, ದಿಗಂತ ಮೆಲ್ಲಗೆ ಒಂದು ಬದಿಗೆ ವಾಲಿತು. ಅಷ್ಟು ಸಾಕಾಯಿತು. ಹೊಟ್ಟೆಯ ಬುಡದಿಂದ ಎದ್ದದ್ದು ಗಂಟಲಿಗೆ ಬಂತು, ಕಿವಿಯೊಳಗೆ ಕುಂಯ್ ಎಂದಿತು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದ. ಹತ್ತನೆಯ ವಯಸ್ಸಿಗೇ ಅಪ್ಪನ ದೋಣಿಯಲ್ಲಿ ಹೋದವನು, ಅಳಿವೆಯ ಅಬ್ಬರದಲ್ಲೂ ಒಂದು ದಿನವೂ ವಾಂತಿ ಮಾಡಿದವನಲ್ಲ. ಹೊಸ ಹುಡುಗರು ಬೋಟಿನ ಅಂಚಿಗೆ ಬಾಗಿ ಒದ್ದಾಡುವಾಗ ಅವರ ಬೆನ್ನು ಗುದ್ದಿ, "ಎಂತದಾ, ಮದಿಮನೆಯಂಗ್ ಉಂಡದ್ದೆಲ್ಲ ಸಮುದ್ರಕ್ಕಾ?" ಎಂದು ನಗುತ್ತಿದ್ದವನು. ಈಗ ಸ್ವಂತ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಇಲ್ಲದ ಕುದುರೆಯ ಮೇಲೆ, ಬಾಯಿಗೆ ಟವೆಲು ಹಿಡಿದುಕೊಂಡು ಕೂತಿದ್ದಾನೆ. ಕಣ್ಣು ಬಿಟ್ಟರೆ ಹುಡುಗಿ ಬಂಡೆಯೊಂದಕ್ಕೆ ಮುಖ ಒತ್ತಿ ಓಡುತ್ತಲೇ ಇದ್ದಳು, ಒಂದಿಂಚೂ ಮುಂದೆ ಹೋಗದೆ. ಪಕ್ಕದಲ್ಲೇ ತುಂಬೆ ಮಿನುಗುತ್ತಿತ್ತು. ಬಲಗಡೆ ಒತ್ತಬೇಕೋ ಎಡಗಡೆಯೋ ಮರೆತುಹೋಯಿತು. ಗಿರಿಜಾ ಹೇಳಿಕೊಡುವಾಗ, "ಅದಲ್ಲ, ಇಚಿಬದಿ, ಇಚಿಬದಿ" ಎಂದು ಅವನ ಕೈಮೇಲೆ ತನ್ನ ಕೈಯಿಟ್ಟು ಒತ್ತಿಸಿದ್ದಳು. ಆ ಕೈಗೆ ಈಗ ಮೀನಿನ ವಾಸನೆ ಇರಲಿಲ್ಲ. ಅದು ಅವನಿಗೆ ಯಾಕೋ ಅಪರಿಚಿತರ ಕೈ ತಾಗಿದ ಹಾಗಾಗಿತ್ತು.

"ಹ್ವಾಯ್ ರಾಜೇಂದ್ರ!" ಎಂದು ಕಿಟಕಿಯಲ್ಲಿ ತಲೆ ಕಂಡಿತು. ಸೂರ, ನೆರೆಮನೆಯವನು, ಮೊದಲು ರಾಜೇಂದ್ರ ನಡೆಸುತ್ತಿದ್ದ ಬೋಟಿನಲ್ಲಿ ಬಲೆ ಎಳೆಯುತ್ತಿದ್ದವನು, ಈಗ ಅವನು ಬಿಟ್ಟ ಚುಕ್ಕಾಣಿ ಹಿಡಿದವನು. "ಎಂತ, ಹೆಂಡ್ತಿ ಹೂ ಕೊಯ್ಯುಕ್ ಕೂರ್ಸಿ ಹೋದ್ಲಾ?"

"ಸುಮ್ನೆ ಕಾಂಬ ಅಂದೇಳಿ," ಎಂದ ರಾಜೇಂದ್ರ.

"ಕೊಯ್ಯಿ, ಕೊಯ್ಯಿ. ಸಂಜಿಗ್ ಮಾಲೆ ಮಾಡಿ ಮುಡ್ಸುಕಾತ್ತ್." ಸೂರ ನಕ್ಕ. ಆಮೇಲೆ ನಗು ಹೆಚ್ಚಾಯಿತೆಂದು ತೋರಿರಬೇಕು, ಧ್ವನಿ ತಗ್ಗಿಸಿ, "ತಲೆ ತಿರ್ಗೂದ್ ಕಮ್ಮಿ ಇತ್ತಾ ಈಗ?" ಎಂದು ಕೇಳಿದ.

"ಎಂತದೂ ಇಲ್ಲೆ."

"ಶಂಕರನಾರಾಯಣ ಪೇಟಿಯಂಗ್ ಒಬ್ರ್ ಮದ್ದಿನ್ ಪಂಡಿತ್ರ್ ಇದ್ರಂಬ್ರ್. ಒಂದ್ಸಲ ಹೋಪ," ಎಂದು ಹೇಳಿ ಸೂರ ಹೋದ.

ಆ ಎರಡನೆಯ ಮಾತೇ ರಾಜೇಂದ್ರನಿಗೆ ತಡೆಯಲಾಗಲಿಲ್ಲ. ಚೇಷ್ಟೆ ಮಾಡಿ ಹೋಗಿದ್ದರೆ ಒಂದು ಬೈಗುಳ ಎಸೆದು ಸುಮ್ಮನಾಗಬಹುದಿತ್ತು. ಯಾವಾಗಿನಿಂದ ಜನ ತನ್ನ ಹತ್ತಿರ ಧ್ವನಿ ತಗ್ಗಿಸಿ ಮಾತಾಡಲು ಸುರುಮಾಡಿದ್ದು? ಮಗಳೂ ಹಾಗೆಯೇ. ಬೆಳಿಗ್ಗೆ ಆಸ್ಪತ್ರೆಗೆ ತಾನೂ ಬರುತ್ತೇನೆಂದರೆ, "ಬ್ಯಾಡ ಅಪ್ಪ, ಬಸ್ಸಲ್ಲಿ ನಿಮ್ಗ್ ತಲೆ ತಿರ್ಗತ್ತ್" ಎಂದಳು. ನಿಜವೇ. ಇಬ್ಬರನ್ನು ಹಿಡಿದುಕೊಳ್ಳಲು ಅವಳಿಗೆ ಇರುವುದು ಎರಡೇ ಕೈ. ಅವನು ಕುದುರೆಯನ್ನು ಬಿಟ್ಟು, ಮಗಳು ಹೇಳಿಕೊಟ್ಟಿದ್ದ ಒಂದು ಗುಂಡಿಯನ್ನು ಒತ್ತಿದ. ಹುಡುಗಿ ಮಾಯವಾಗಿ ಊರಿನ ನಡುವೆ ಬಂದು ನಿಂತಳು. ಅಲ್ಲಿ ನೆಲ ಅಲ್ಲಾಡುವುದಿಲ್ಲ. ಕಲ್ಲು ಹಾಸಿದ ಅಂಗಳ, ಮುಂದೆ ಏಲಂ ಕಟ್ಟೆ. ಕಟ್ಟೆಯ ಮುದುಕನನ್ನು ಒತ್ತಿದರೆ ಬರೀ ಸಾಲುಗಳು: ಹೂವಿನ ಚಿತ್ರ, ಪಕ್ಕದಲ್ಲಿ ಕ್ರಯ. ಯಾವುದೂ ವಾಲುವುದಿಲ್ಲ, ತೇಲುವುದಿಲ್ಲ. ಗಂಟಲಿಗೆ ಬಂದದ್ದು ತಾನಾಗಿ ಕೆಳಗಿಳಿಯಿತು. ಇಲ್ಲಿ ಬಂದದ್ದು ತಲೆ ತಿರುಗುವುದು ನಿಲ್ಲಲಿ ಎಂದಷ್ಟೇ, ಮಾರಲಿಕ್ಕಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನೋಡಿದರೆ ತಪ್ಪೇನು, ನೋಡುವುದಕ್ಕೆ ಹೆಂಡತಿಯ ಅಪ್ಪಣೆ ಬೇಕೇ ಎಂದೂ ಹೇಳಿಕೊಂಡ.

ತುಂಬೆಯ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಒಬ್ಬ ಸ್ವಲ್ಪ ಹೂ ಇಟ್ಟಿದ್ದ, ಉಳಿದವರಿಗಿಂತ ಒಂದು ನಾಣ್ಯ ಕಡಿಮೆಗೆ. ರಾಜೇಂದ್ರ ಎದ್ದು ಹೋಗಿ ನೀರು ಕುಡಿದು ಬಂದ. ಅಷ್ಟರಲ್ಲಿ ಇನ್ನೊಬ್ಬ ಅದಕ್ಕಿಂತ ಕಡಿಮೆಗೆ ಇಟ್ಟಿದ್ದ. ಕೂತು ನೋಡಿದ. ಮತ್ತೆ ಇಳಿಯಿತು. ಅನ್ನ ಬಡಿಸಿಕೊಂಡು ಬಂದು ತಟ್ಟೆಯನ್ನು ತೊಡೆಯ ಮೇಲಿಟ್ಟು ನೋಡಿದ, ಇನ್ನೂ ಇಳಿದಿತ್ತು. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ದಡಕ್ಕೆ ಮೊದಲು ಮುಟ್ಟಿದ ಬೋಟಿನ ಬಂಗುಡೆಗೆ ಒಂದು ರೇಟು. ಅಷ್ಟರಲ್ಲಿ ಅಳಿವೆಯಲ್ಲಿ ಇನ್ನೊಂದು ಬೋಟಿನ ತಲೆ ಕಂಡರೆ ಸಾಕು, ಏಲಂ ಕೂಗುವವನ ಧ್ವನಿ ಇಳಿಯುತ್ತದೆ. ಗಂಗೊಳ್ಳಿ ಬಂದರಿನಲ್ಲೂ ಮೀನು ರಾಶಿ ಬಿದ್ದಿದೆ ಎಂದು ಯಾರೋ ಫೋನಿನಲ್ಲಿ ಹೇಳಿದರೆಂದರೆ ಮುಗಿಯಿತು. ಆಗ ಕೈಕಟ್ಟಿ ನಿಲ್ಲುವವನು ಕೆಟ್ಟ. ಬಿಸಿಲು ಏರುತ್ತದೆ, ಮೀನಿನ ಕಣ್ಣು ಮಿಂಚುತ್ತಿದ್ದದ್ದು ಬೆಳ್ಳಗಾಗುತ್ತದೆ, ಹೊಟ್ಟೆ ಒಡೆಯುತ್ತದೆ, ಕೊನೆಗೆ ಗೊಬ್ಬರದ ಲಾರಿಗೆ ಸುರಿಯಬೇಕು. ಒಮ್ಮೆ ಹಾಗೆ ಸುರಿದಿದ್ದರು. ಇಡೀ ಬೋಟಿನ ಬೈಗೆ ಮೀನನ್ನು ಸನಿಕೆಯಲ್ಲಿ ಎತ್ತಿ ಎತ್ತಿ ಲಾರಿಗೆ ಎಸೆದ ದಿನ ಅವನು ಮನೆಗೆ ಬಂದವನೇ ಮೀಯಲು ಹೋಗಿದ್ದ. ಮೈಯೆಲ್ಲ ನಾರುತ್ತಿದ್ದದ್ದು ಎಷ್ಟು ತಿಕ್ಕಿದರೂ ಹೋಗದೆ ಬಾವಿಕಟ್ಟೆಯಲ್ಲಿ ಕೂತಿದ್ದ. ಗಿರಿಜಾ ಕಟ್ಟೆಯ ಕೆಳಗೆ ನಿಂತು ಬಿಸಿನೀರು ಬೇಕಾ ಎಂದು ಕೇಳಿದ್ದಳು. ಇದು ಕೊಳೆಯುವುದಿಲ್ಲ ಎಂದು ಅವಳು ಹೇಳಿದ್ದು ನೆನಪಿಗೆ ಬಾರದೆ ಇರಲಿಲ್ಲ. ಆದರೆ ಇಳಿಯುವುದನ್ನು ಕಣ್ಣಾರೆ ನೋಡುತ್ತಿರುವ ಮನುಷ್ಯನಿಗೆ ಅದು ಪುಸ್ತಕದ ಮಾತಿನಂತೆ ಕೇಳಿತು. ಇಷ್ಟು ದಿನ ಕೂಡಿಟ್ಟದ್ದು ಇವತ್ತೇ, ತನ್ನ ಕಣ್ಣೆದುರೇ ಹಾಳಾಗುತ್ತಿದೆ, ಅವಳು ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಳೆ, ಪಾಪ, ಅವಳಿಗೆ ಗೊತ್ತೂ ಇಲ್ಲ.

ಒಮ್ಮೆ ಫೋನ್ ಮಾಡಿದ. ಗಿರಿಜಾಳ ಫೋನ್ ಇಲ್ಲೇ ಒಳಕೋಣೆಯಲ್ಲಿ ರಿಂಗಾಯಿತು. ಮಗಳಿಗೆ ಮಾಡಿದರೆ, "ಡಾಕ್ಟ್ರ ರೂಮಂಗ್ ಇದ್ದೆ, ಅಪ್ಪ, ಮತ್ತೆ ಮಾಡ್ತೆ" ಎಂದು ಇಟ್ಟಳು. ಆ ಹೊತ್ತಿಗೆ ಇನ್ನಷ್ಟು ಇಳಿದಿತ್ತು. ಮತ್ತೆ ಕಾಯಬಹುದಿತ್ತು, ಮಗಳು ಮತ್ತೆ ಮಾಡಿಯೇ ಮಾಡುತ್ತಿದ್ದಳು. ಆದರೆ ಕಾದು ಕೇಳಿ ಮಾರಿದರೆ ಅದು ಅವನು ಮಾರಿದ್ದಾಗುವುದಿಲ್ಲ ಎಂಬುದೊಂದು ಯೋಚನೆ, ಸಣ್ಣದು, ಮೀನಿನ ಮುಳ್ಳಿನಷ್ಟು, ಒಳಗೆಲ್ಲೋ ಇತ್ತು. ಅವನು ಅದನ್ನು ನೋಡಲಿಲ್ಲ. ಕೈ ತೊಳೆದು ಬಂದು, ಉಗ್ರಾಣ ತೆರೆದು, ಅಷ್ಟೂ ತುಂಬೆಯನ್ನು ತಂದು ಕಟ್ಟೆಯ ಮೇಲೆ ಸುರಿದ.

ಆಮೇಲಿನ ಹೊತ್ತು ಅವನಿಗೆ ಎಷ್ಟೋ ಕಾಲದಿಂದ ಸಿಕ್ಕಿರದಂಥದ್ದು. ಒಂದು ನಾಣ್ಯ ಕಡಿಮೆಗೆ ಇಟ್ಟ. ಯಾರೋ ಅವನಿಗಿಂತ ಕಡಿಮೆಗೆ ಇಟ್ಟರು. ಇವನು ವಾಪಸು ತೆಗೆದು ಮತ್ತೂ ಕಡಿಮೆಗೆ ಇಟ್ಟ. ಬೆವರು ಬಂತು, ಅಂಗಿ ಬಿಚ್ಚಿ ಹಾಕಿದ. ತಲೆ ತಿರುಗಲಿಲ್ಲ. ಗಾಳಿಯ ಎದುರು ನಿಂತು, ಬಲೆ ಭಾರವಾಗಿದೆಯೆಂದು ಹಗ್ಗದಲ್ಲೇ ತಿಳಿಯುತ್ತದಲ್ಲ, ಆ ಹೊತ್ತಿನ ಚುರುಕು ಬೆರಳಿಗೆ ಬಂದಿತ್ತು. "ಹೋಯ್ಲಿ, ಹೋಯ್ಲಿ, ಮತ್ತೊಂದ್ ಇಳ್ಸ್" ಎಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದ. ರಾಜೇಂದ್ರ ಹುಟ್ಟಿದಾಗಿನಿಂದ ಒಂದೇ ಒಂದು ಮೀನನ್ನೂ ಮಾರಿದವನಲ್ಲ. ಅವರಲ್ಲಿ ಯಾವ ಗಂಡಸೂ ಮಾರುವುದಿಲ್ಲ. ದಡದಲ್ಲಿ ಏಲಂ ಆಯಿತು, ಗಂಡಸಿನ ಕೆಲಸ ಮುಗಿಯಿತು; ಅಲ್ಲಿಂದಾಚೆಗೆ ಬುಟ್ಟಿ ಎತ್ತಿಕೊಂಡು ಬೈಂದೂರಿಗೋ ಕುಂದಾಪುರಕ್ಕೋ ಬಸ್ಸು ಹತ್ತುವವರು ಹೆಂಗಸರು, ಕೊಳ್ಳುವವರ ಮುಂದೆ ದಿನವಿಡೀ ಕೂರುವವರು ಹೆಂಗಸರು. ಮಾರುವುದು ಅಂದರೆ ಅವನಿಗೆ ಗೊತ್ತಿದ್ದದ್ದು ದಡದ ಆ ಒಂದು ಗಳಿಗೆ ಮಾತ್ರ, ಕೂಗು, ಗಡಿಬಿಡಿ, ಮತ್ತೆ ಖಾಲಿ ಬೋಟು ತೊಳೆಯುವ ಹಗುರ. ಬಿಸಿಲು ಹಿತ್ತಿಲ ಬಂಡೆಗಳ ಮೇಲೆ ಹಳದಿಗೆ ತಿರುಗುವ ಹೊತ್ತಿಗೆ ಒಬ್ಬನೇ ಒಬ್ಬ ಬಂದು ಅವನ ಅಷ್ಟೂ ರಾಶಿಯನ್ನು ಒಂದೇ ಸಲಕ್ಕೆ ಎತ್ತಿಕೊಂಡ. ಸಾಲುಗಳೆಲ್ಲ ಮಾಯವಾದವು. ಚಿನ್ನ ಬಂದು ಬಿತ್ತು. ಉಗ್ರಾಣ ಖಾಲಿ. ರಾಜೇಂದ್ರ ಕುರ್ಚಿಗೆ ಒರಗಿ, ಉಸಿರು ಬಿಟ್ಟು, ಅಂಗಿಯಿಂದ ಮುಖ ಒರೆಸಿಕೊಂಡ. ಅವನಿಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಚಾ ಮಾಡಿ ಫ್ಲಾಸ್ಕಿಗೆ ಹಾಕಿಟ್ಟ. ಜಗಲಿ ಗುಡಿಸಿದ. ಅವಳು ಬಂದ ಕೂಡಲೇ ಹೇಳಬೇಕೋ, ಚಾ ಕುಡಿದ ಮೇಲೋ ಎಂದು ಯೋಚಿಸಿದ. ಮೊದಲು ಹೇಳುವುದು ಬೇಡ, ತಾನಾಗಿ ಉಗ್ರಾಣ ತೆರೆದು ನೋಡಲಿ. ಹೆದರಿ ತನ್ನ ಕಡೆ ತಿರುಗಲಿ. ಆಗ ನಿಧಾನವಾಗಿ, ಬೀಳುತ್ತಿತ್ತು ಮಾರಾಯ್ತಿ, ನಾನಿದ್ದದ್ದಕ್ಕೆ ಆಯಿತು ಎನ್ನಬೇಕು. ಹಾಗೆ ಅಂದುಕೊಳ್ಳುವಾಗ ಏನೋ ಒಂದು ಕಡೆ ಸಡಿಲವಿದೆ ಎಂದೂ ಅನ್ನಿಸಿತು. ಗಂಟು ಹಾಕಿದವನಿಗೆ ಮಾತ್ರ ಗೊತ್ತಾಗುವ ಸಡಿಲ. ಪೊರಕೆಯನ್ನು ಮೂಲೆಗಿಟ್ಟು ಒಳಗೆ ಬಂದು ಏಲಂ ಕಟ್ಟೆಯನ್ನು ಮತ್ತೊಮ್ಮೆ ತೆರೆದ. ತುಂಬೆಯ ಸಾಲಿನಲ್ಲಿ ಈಗ ಒಬ್ಬನದೇ ಹೂ ಇತ್ತು. ಕ್ರಯ ಬೆಳಿಗ್ಗೆ ಇದ್ದದ್ದಕ್ಕಿಂತಲೂ ಮೇಲೆ. ಅವನು ಪರದೆಗೆ ಮುಖ ಹತ್ತಿರ ತಂದು ಇಟ್ಟವನ ಹೆಸರನ್ನು ಓದಲು ನೋಡಿದ. ಉದ್ದಕ್ಕಿತ್ತು. ಅಕ್ಷರ ಅಕ್ಷರ ಕೂಡಿಸುವಷ್ಟರಲ್ಲಿ ಹೈವೇಯಲ್ಲಿ ಬಸ್ಸು ನಿಂತ ಸದ್ದಾಯಿತು.

ಗಿರಿಜಾ ಮಂಡಿಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಬಂದಳು. ಬಂದವಳೇ ಕಾಲು ನೀಡಿ ಜಗಲಿಯಲ್ಲಿ ಕೂತು, ಸೂಜಿ ಚುಚ್ಚಿದ್ದಕ್ಕಿಂತ ಬಸ್ಸಿನಲ್ಲಿ ನಿಂತದ್ದೇ ಹೆಚ್ಚು ನೋವು ಎಂದಳು. ಚಾ ಕುಡಿದಳು, ಸಕ್ಕರೆ ಸರಿಯಾಗಿದೆ ಎಂದಳು. ನವ್ಯಶ್ರೀ ಒಳಗೆ ಹೋದವಳು ಅಲ್ಲಿಂದಲೇ ಕೂಗಿದಳು. "ಅಪ್ಪ! ಎಂತ ಮಾಡಿದ್ದ್ ಇದ್?"

ರಾಜೇಂದ್ರ ಯೋಚಿಸಿಟ್ಟ ಮಾತೆಲ್ಲ ಎಲ್ಲೋ ಹೋಯಿತು. "ಬೀಳ್ತಿದ್ದಿತ್," ಎಂದ. "ರೇಟ್ ಬೀಳ್ತಿದ್ದಿತ್. ನಾನ್ ಮಧ್ಯಾಹ್ನದಿಂದ ಕಾಣ್ತಿದ್ದೆ. ಇಟ್ಕಂಡ್ರೆ ಎಂತದೂ ಸಿಕ್ತಿರ್ಲಿಲ್ಲೆ."

"ಬುಧವಾರಕ್ಕೆ ಅಂದೇಳಿ ಅಮ್ಮ ಇಟ್ಕಂಡದ್ದ್ ಅಲ್ದಾ? ಗೊತ್ತಿದ್ದೂ..." ಮಗಳು ಬಾಗಿಲಿಗೆ ಬಂದು ನಿಂತಳು. "ಆ ಉದ್ದ ಹೆಸ್ರಿನ್ ಜನ ಯಾವತ್ತೂ ಹಾಂಗೇ ಮಾಡುದ್. ತಾನೇ ನಾಕ್ ನಾಕ್ ಹೂ ಕಮ್ಮಿಗ್ ಇಟ್ಟ್ ಹೆದ್ರಿಸುದ್, ಹೆದ್ರಿದವ್ರದ್ದೆಲ್ಲ ಬಾಚ್ಕಂಬುದ್. ಅವ್ನಿಗೇ ಅಲ್ದಾ ಹೋದ್ದ್? ಅಮ್ಮ ಎಷ್ಟ್ ಸಲ ಅವ್ನಿಗ್ ಇಲ್ಲೆ ಅಂದಿದ್ರ್!"

ರಾಜೇಂದ್ರ ಹೆಂಡತಿಯನ್ನು ನೋಡಿದ. ಅವಳು ಲೋಟವನ್ನು ಕೆಳಗಿಟ್ಟು, ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಪರದೆಯ ಮುಂದೆ ನಿಂತಳು. ಕೂರಲಿಲ್ಲ. ಖಾಲಿ ಉಗ್ರಾಣವನ್ನು, ಸಂಜೆ ದೀಪ ಹಚ್ಚಿದ ಮೇಲೆ ನೋಡುವಷ್ಟೇ ಹೊತ್ತು ನೋಡಿದಳು. ಅವಳು ಬೈಯಲಿ ಎಂದು ಅವನು ಕಾದ. ಏಲಂ ಬದಿಗೆ ಹೋಗಬೇಡ ಎಂದು ಬಾಯಿಬಿಟ್ಟು ಹೇಳಿದ್ದೆನಲ್ಲ ಎಂದು ಕೇಳಲಿ. ಕೇಳಿದರೆ ಅವನೂ ಕೇಳಬಹುದು, ನನ್ನನ್ನು ಮಗುವಿನ ಹಾಗೆ ಮನೆಯಲ್ಲಿ ಕೂರಿಸಿ ಹೋದವರು ಯಾರು ಎಂದು, ದನಿ ಏರಿಸಬಹುದು, ಸೂರನ ಮನೆಗೆ ಕೇಳಿಸಲಿ, ಬೇಕಾದರೆ ಲೋಟ ಎತ್ತಿ ಎಸೆಯಲಿ, ಇಬ್ಬರೂ ಎರಡು ದಿನ ಮುಖ ತಿರುಗಿಸಿಕೊಂಡಿದ್ದು ಸರಿಹೋಗಬಹುದು. ಅವನು ಬಾಗಿಲ ಹೊಸ್ತಿಲ ಮೇಲೆ ನಿಂತು, "ಗಿರಿಜಾ," ಎಂದ. "ನಾನ್ ನಿಂಗ್ ಒಳ್ಳೇದಾಯ್ಲಿ ಅಂದೇಳಿ..."

"ಸಾಕ್ ಹೆಣೆ, ಅಪ್ಪನ್ ಹತ್ರ ಹಾಂಗ್ ಮಾತಾಡುಕಾಗ," ಎಂದು ಗಿರಿಜಾ ಮಗಳಿಗೆ ಹೇಳಿದಳು. ಆಮೇಲೆ ಅವನ ಕಡೆ ತಿರುಗಿದಳು. "ಇರ್ಲಿ ಬಿಡಿ. ಯಾವತ್ತಾರೂ ಮಾರುದೇ ಅಲ್ದಾ? ಸಂಜಿಯೊಳ್ಗೆ ಖಾಲಿ ಆಯ್ತಲ್ಲ, ಒಳ್ಳೇದೇ ಆಯ್ತ್." ಹೇಳಿ ನಕ್ಕಳು.

ಆ ನಗುವನ್ನು ಎಲ್ಲೋ ನೋಡಿದ್ದೇನೆ ಎಂದು ರಾಜೇಂದ್ರನಿಗೆ ಅನ್ನಿಸಿತು. ಮನೆಯಲ್ಲಲ್ಲ. ಕುಂದಾಪುರದಲ್ಲಿ, ಎಂಜಿನ್ನಿನ ಯಾವುದೋ ಸಾಮಾನು ತರಲು ಹೋಗಿ ಬೈಂದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಸಂಜೆ. ಹೊರಗೆ ಮೀನು ಮಾರುವ ಹೆಂಗಸರ ಸಾಲಿನ ತುದಿಯಲ್ಲಿ ಗಿರಿಜಾ ಇದ್ದಳು, ಅವನನ್ನು ನೋಡಿರಲಿಲ್ಲ. ಕೊಳ್ಳಲು ಬಂದ ಒಬ್ಬರು ಅಮ್ಮ ಕೊಡೆಯ ತುದಿಯಿಂದ ಬಂಗುಡೆಯನ್ನು ಮಗುಚಿ, ಮೂಗು ಮುರಿದು, ತೀರಾ ಕಡಿಮೆಯ ಒಂದು ಕ್ರಯ ಹೇಳಿದರು. ಬೆಳಿಗ್ಗೆ ಅದೇ ಬಂಗುಡೆಯನ್ನು ಅವನೇ ದಡಕ್ಕೆ ತಂದು ಹಾಕಿದ್ದ, ಬೋಟು ತಡವಾಗಿ ಮುಟ್ಟಿದ್ದರಿಂದ ಅವಳು ಬುಟ್ಟಿ ಎತ್ತುವಾಗಲೇ ಹೊತ್ತೇರಿತ್ತು. ಗಿರಿಜಾ ಹೀಗೆಯೇ ನಕ್ಕು, ಆಯ್ತಮ್ಮ, ಅಷ್ಟಕ್ಕೇ ತಕಂಡ್ ಹೋಯ್ನಿ, ಒಳ್ಳೇದೇ ಆಯ್ತ್ ಎಂದಿದ್ದಳು. ಗಿರಾಕಿಗಳ ಹತ್ತಿರ ಎಷ್ಟು ಚಂದ ಮಾತಾಡುತ್ತಾಳೆ ನನ್ನ ಹೆಂಡತಿ ಎಂದು ಅವನಿಗೆ ಹೆಮ್ಮೆಯಾಗಿತ್ತು. ಬಸ್ಸು ಹೊರಡಲು ತಡವಾದ್ದರಿಂದ ಅವನು ಆಮೇಲಿನದನ್ನೂ ನೋಡಿದ್ದ. ಆ ಅಮ್ಮ ಚೀಲ ಹಿಡಿದು ರಸ್ತೆ ದಾಟಿ ಮರೆಯಾಗುವವರೆಗೂ ಗಿರಿಜಾಳ ಮುಖದ ಮೇಲೆ ಆ ನಗು ಹಾಗೆಯೇ ಇತ್ತು. ಅವರು ಹೋದ ಮೇಲೆ, ದಿನದ ಕೊನೆಯ ಕೆಲಸವೆಂಬಂತೆ, ಅವಳು ಅದನ್ನು ತೆಗೆದಿಟ್ಟು ಬುಟ್ಟಿ ಕವುಚಿದ್ದಳು.

ಗಿರಿಜಾ ಈಗಲೂ ನಗುತ್ತಿದ್ದಳು. ಒಂದು ಕೈ ಮೇಜಿನ ಮೇಲೆ, ಪಟ್ಟಿ ಸುತ್ತಿದ ಕಾಲು ನೆಲಕ್ಕೆ ಸರಿಯಾಗಿ ಊರಿರಲಿಲ್ಲ. ತಾನು ಇಲ್ಲಿ ನಿಂತಿರುವಷ್ಟು ಹೊತ್ತು ಅವಳು ನಗುತ್ತಲೇ ಇರಬೇಕಾಗುತ್ತದೆ ಎಂದು ಆಗ ಅವನಿಗೆ ಗೊತ್ತಾಯಿತು. ಅವನು ಜಗಲಿಗೆ ಹೋಗಿ, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡ.